ಪಡಸಾಲೆಗೆ ಬಂದ ಅಂತರಿಕ್ಷ

1969ರ ಜುಲೈ ತಿಂಗಳು. ಚಂದ್ರನ ನೆಲದಲ್ಲಿ ನಡೆದಾಡಿ ಬಂದ ಇಬ್ಬರನ್ನೂ, ಅವರು ಮರಳುವವರೆಗೆ ಚಂದ್ರನ ಸುತ್ತ ಒಬ್ಬರೇ ಸುತ್ತುತ್ತ ಕಾದಿದ್ದ ಮೂರನೆಯವರನ್ನೂ ಹೊತ್ತು ಅಪೊಲೊ 11 ನೌಕೆಯು ಭೂಮಿಯ ಕಡೆಗೆ ಬರುತ್ತಿತ್ತು. ಹ್ಯೂಸ್ಟನ್ ನಗರದ ನಿಯಂತ್ರಣ ಕೇಂದ್ರದಲ್ಲಿ ಕುಳಿತವರಿಗೆ ನೌಕೆಯ ಕಡೆಯಿಂದ ಒಂದು ವಿಚಿತ್ರ ನಾದ ಕೇಳಿಸತೊಡಗಿತು. ಅದು ಹೆಣ್ಣಿನ ಕೊರಳೂ ಅಲ್ಲ, ಪಿಟೀಲೂ ಅಲ್ಲ. ಎರಡರ ನಡುವೆ ಎಲ್ಲಿಯೋ ತೂಗಾಡುವ ಒಂದು ನೀಳವಾದ ಮೊರೆ. ಗಾಬರಿಪಡುವಂಥದ್ದೇನೂ ಇರಲಿಲ್ಲ. ನೀಲ್ ಆರ್ಮ್‌ಸ್ಟ್ರಾಂಗ್ ಅವರು ತಮ್ಮೊಡನೆ ಒಯ್ದಿದ್ದ ಕ್ಯಾಸೆಟ್ಟಿನಿಂದ ತಮಗೆ ಪ್ರಿಯವಾದ ಹಳೆಯ ಸಂಗೀತವೊಂದನ್ನು ಹಾಕಿದ್ದರು. ಅದು ಸುಮಾರು ಇಪ್ಪತ್ತು ವರ್ಷಗಳ ಹಿಂದಿನದೆಂದೂ, ಅದರ ಹೆಸರು ‘ಮ್ಯೂಸಿಕ್ ಔಟ್ ಆಫ್ ದಿ ಮೂನ್’, ಎಂದರೆ ‘ಚಂದ್ರನಿಂದ ಬಂದ ಸಂಗೀತ’ ಎಂದೂ ಅವರು ತಿಳಿಸಿದರು.

ಚಂದ್ರನನ್ನು ಕಾಲಿನಿಂದ ತುಳಿದು ಬಂದ ಮನುಷ್ಯನಿಗೂ, ಚಂದ್ರನನ್ನು ದೂರದಿಂದಷ್ಟೇ ಕಂಡವರು ಕಲ್ಪಿಸಿ ಕಟ್ಟಿದ ಸಂಗೀತವು ಬೇಕೆನಿಸಿತೆಂಬ ಈ ಸಂಗತಿ ನನ್ನನ್ನು ಬಹುಕಾಲದಿಂದ ಕಾಡಿದೆ. ಆದುದರಿಂದ ಈ ತಿಂಗಳ ಅಂಕಣವನ್ನು ಅಂಥ ಕೆಲವು ಧ್ವನಿಮುದ್ರಿಕೆಗಳಿಗೆ ಮೀಸಲಿಡುತ್ತಿದ್ದೇನೆ. ‘ಹಗುರವಾದ ಪಾಶ್ಚಾತ್ಯ ಸಂಗೀತಕ್ಕೆ ಇಷ್ಟು ಪುಟಗಳೇಕೆ?’ ಎಂದು ನಮ್ಮ ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಮೊದಮೊದಲು ನಾನೂ ಅದೇ ಹುಬ್ಬಿನವನಾಗಿದ್ದೆನೆಂದು ಒಪ್ಪಿಕೊಂಡೇ ಮುಂದುವರಿಯುತ್ತೇನೆ.

ಎರಡನೆಯ ಮಹಾಯುದ್ಧವು ಮುಗಿದಂದಿನಿಂದ ಸುಮಾರು 1960ರ ದಶಕದ ನಡುವಿನವರೆಗೆ ಅಮೆರಿಕೆಯಲ್ಲಿ ಈ ಬಗೆಯ ಸಂಗೀತಕ್ಕೆ ಒಳ್ಳೆಯ ಕಾಲ. 1948ರಲ್ಲಿ ದೀರ್ಘಕಾಲ ನುಡಿಯುವ ಎಲ್‌ಪಿ ತಟ್ಟೆ ಬಂದಿತು. ಕಾಂತೀಯ ಟೇಪು ಧ್ವನಿಮುದ್ರಣದ ಕೋಣೆಗಳನ್ನು ಸೇರಿತು. 1958ರ ವೇಳೆಗೆ ಎರಡು ಕಡೆಯಿಂದ ಎರಡು ಬೇರೆ ನಾದಗಳನ್ನು ಹೊರಡಿಸುವ ಸ್ಟೀರಿಯೊ ತಟ್ಟೆಗಳು ಅಂಗಡಿಗಿಳಿದವು. ದೊಡ್ಡ ಹೋಟೆಲುಗಳ ಲೌಂಜುಗಳಲ್ಲಿ, ಮಧ್ಯಮವರ್ಗದವರ ಹೊಸ ಮನೆಗಳ ಪಡಸಾಲೆಗಳಲ್ಲಿ, ಅತಿಥಿಗಳು ಕೈಯಲ್ಲಿ ಲೋಟ ಹಿಡಿದು ಮಾತನಾಡುತ್ತಿರುವಾಗ ಹಿನ್ನೆಲೆಯಲ್ಲಿ ತೇಲಿಬರಲೆಂದೇ ಮಾಡಿದ ಸಂಗೀತ ಇದು. ಅದಕ್ಕೆ ಆಗ ತನ್ನದೇ ಆದ ಹೆಸರಿರಲಿಲ್ಲ. ‘ಅಂತರಿಕ್ಷಯುಗದ ಸಂಗೀತ’ ಎಂಬುದು ಬಹಳ ವರ್ಷಗಳ ಮೇಲೆ ಸಂಗ್ರಾಹಕರು ಪ್ರೀತಿಯಿಂದ ಅಂಟಿಸಿದ ಚೀಟಿ. ನಾನು ‘ಪಡಸಾಲೆ ಸಂಗೀತ’ವೆಂದೇ ಕರೆಯುತ್ತೇನೆ.

ಇದನ್ನು ಕೇವಲ ಪೀಠೋಪಕರಣದ ಜೊತೆಗೆ ಕೊಳ್ಳುವ ಅಲಂಕಾರವೆಂದು ತಳ್ಳಿಹಾಕಿದವರು ಬಹಳ. ಆದರೆ ಅದು ಹುಟ್ಟಿದ ಕಾಲವನ್ನು ನೆನೆಯಬೇಕು. 1945ರಲ್ಲಿ ಅಣುಬಾಂಬು ಬಿದ್ದಿತ್ತು. 1947ರ ಬೇಸಗೆಯಲ್ಲಿ ಅಮೆರಿಕೆಯ ಪತ್ರಿಕೆಗಳ ತುಂಬ ಹಾರುವ ತಟ್ಟೆಗಳ ಸುದ್ದಿ. 1957ರ ಅಕ್ಟೋಬರ್ 4ರಂದು ರಷ್ಯದ ಸ್ಪುಟ್ನಿಕ್ ಮೇಲೇರಿದಾಗ ಎಷ್ಟೋ ಮನೆಗಳವರು ಅಂಗಳದಲ್ಲಿ ನಿಂತು ಆಕಾಶವನ್ನು ನೋಡಿದ್ದು ಬೆರಗಿನಿಂದ ಮಾತ್ರವಲ್ಲ, ದಿಗಿಲಿನಿಂದಲೂ ಹೌದು. ಮೇಲಿನಿಂದ ಏನು ಬಂದೀತೆಂದು ಅಂಜುತ್ತಿದ್ದ ಜನಕ್ಕೆ ಆ ‘ಮೇಲ’ನ್ನೇ ಒಂದು ಹಿತವಾದ ಕೋಣೆಯನ್ನಾಗಿ ಮಾಡಿಕೊಟ್ಟದ್ದು ಈ ಸಂಗೀತ. ಇದರ ಹಗುರತನದ ಹಿಂದೆ ಇಂಥ ಒಂದು ಭಾರವಿತ್ತೆಂದು ನನ್ನ ಅಭಿಪ್ರಾಯ.

ಮೊದಲು ಆರ್ಮ್‌ಸ್ಟ್ರಾಂಗ್ ಅವರ ತಟ್ಟೆಯನ್ನೇ ನೋಡೋಣ. 1947ರಲ್ಲಿ ಕ್ಯಾಪಿಟಲ್ ಕಂಪೆನಿಯು ಹೊರತಂದ ‘ಮ್ಯೂಸಿಕ್ ಔಟ್ ಆಫ್ ದಿ ಮೂನ್’ ಮೂರು ತಟ್ಟೆಗಳ ಒಂದು ಕಟ್ಟು. ಅವುಗಳಲ್ಲಿ ಆರು ಕೃತಿಗಳು. ಸ್ವರ ಹಾಕಿದವರು ಹ್ಯಾರಿ ರೆವೆಲ್. ವಾದ್ಯವೃಂದಕ್ಕೆ ಅಳವಡಿಸಿ ನಡೆಸಿದವರು ಲೆಸ್ ಬ್ಯಾಕ್ಸ್‌ಟರ್. ಚೆಲ್ಲೊ, ಫ್ರೆಂಚ್ ಕೊಂಬು, ತಾಳವಾದ್ಯಗಳು, ಮಾತಿಲ್ಲದೆ ಬರಿಯ ಸ್ವರಗಳನ್ನೇ ಹಾಡುವ ಮೇಳ, ಇವೆಲ್ಲದರ ಮೇಲೆ ಬೆಳದಿಂಗಳಂತೆ ಹರಡಿಕೊಳ್ಳುವುದು ಥೆರಮಿನ್ ಎಂಬ ವಾದ್ಯ.

ಈ ಥೆರಮಿನ್ನಿನ ವಿಷಯ ಸ್ವಲ್ಪ ವಿಸ್ತರಿಸಬೇಕು. ಅದು ಕೈ ಮುಟ್ಟಿಸದೆ ನುಡಿಸುವ ವಾದ್ಯ. ಒಂದು ಪೆಟ್ಟಿಗೆ; ಅದರಿಂದ ಮೇಲಕ್ಕೆದ್ದ ಒಂದು ಲೋಹದ ಕಡ್ಡಿ, ಪಕ್ಕಕ್ಕೆ ಚಾಚಿದ ಒಂದು ಲೋಹದ ಬಳೆ. ಪೆಟ್ಟಿಗೆಯೊಳಗೆ ನಮ್ಮ ಕಿವಿಗೆ ಎಟುಕದಷ್ಟು ವೇಗದಲ್ಲಿ ಕಂಪಿಸುವ ಎರಡು ವಿದ್ಯುನ್ಮಂಡಲಗಳಿರುತ್ತವೆ. ಕಡ್ಡಿಯ ಹತ್ತಿರಕ್ಕೆ ಕೈ ತಂದರೆ ಒಂದರ ಕಂಪನ ತುಸು ಬದಲಾಗುತ್ತದೆ. ಎರಡರ ನಡುವಿನ ವ್ಯತ್ಯಾಸವೇ ನಮಗೆ ಕೇಳುವ ಶ್ರುತಿ. ಇನ್ನೊಂದು ಕೈ ಬಳೆಯ ಬಳಿ ಆಡುತ್ತ ನಾದವನ್ನು ಏರಿಸುವುದು, ಇಳಿಸುವುದು. ಮೆಟ್ಟಿಲುಗಳಿಲ್ಲ, ಮನೆಗಳಿಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಯೇ ಹೋಗಬೇಕು. ಪಶ್ಚಿಮದ ಕಿವಿಗೆ ಇದು ಪ್ರೇತದ ಕೂಗೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಜಾರು ಗಮಕವನ್ನೂ ಮೀಂಡನ್ನೂ ಕೇಳಿ ಬೆಳೆದ ನಮಗೆ ಅದು ಅಷ್ಟೊಂದು ಅಪರಿಚಿತವಲ್ಲ. ಮೊದಲ ಸಲ ಕೇಳಿದಾಗ, ಯಾರೋ ವೀಣೆಯ ತಂತಿಯನ್ನು ಎಳೆಯುತ್ತಲೇ ಬಿಡುವುದನ್ನು ಮರೆತಿದ್ದಾರೆಂದು ನನಗೆ ತೋರಿತು.

ಇದನ್ನು ಸುಮಾರು 1920ರಲ್ಲಿ ಕಂಡುಹಿಡಿದವರು ರಷ್ಯದ ಭೌತವಿಜ್ಞಾನಿ ಲಿಯೆವ್ ತೆರ್ಮೆನ್. 1922ರಲ್ಲಿ ಲೆನಿನ್ ಅವರ ಮುಂದೆ ನುಡಿಸಿ ತೋರಿಸಿದರು; ಆ ದಶಕದ ಕೊನೆಗೆ ಅಮೆರಿಕೆಗೆ ಹೋಗಿ ಹೆಸರು ಮಾಡಿದರು; 1938ರಲ್ಲಿ ತಾಯ್ನಾಡಿಗೆ ಮರಳಿದರು. ಮರಳಿದವರನ್ನು ಬಂಧಿಸಿ ಕೊಲಿಮಾ ಎಂಬ ಹಿಮದ ಸೀಮೆಯ ಶಿಬಿರಕ್ಕೆ ಅಟ್ಟಲಾಯಿತು. ಅನಂತರ ಸೆರೆಯಾಳು ವಿಜ್ಞಾನಿಗಳ ಪ್ರಯೋಗಶಾಲೆಯಲ್ಲಿ ಕದ್ದಾಲಿಸುವ ಯಂತ್ರಗಳನ್ನು ಮಾಡಿಸಿಕೊಳ್ಳಲಾಯಿತು. ಅವರಿಗೆ ಬಿಡುಗಡೆಯಾದದ್ದು 1947ರಲ್ಲಿ. ಅವರ ವಾದ್ಯದ ನಾದವು ಅಮೆರಿಕೆಯ ಮನೆಗಳಲ್ಲಿ ಚಂದ್ರಲೋಕದ ಶೃಂಗಾರವಾಗಿ ಮಾರಾಟಕ್ಕೆ ಬಂದದ್ದೂ ಅದೇ ವರ್ಷದಲ್ಲಿ.

ಹಾಲಿವುಡ್ಡಿನಲ್ಲಿ ಆ ವಾದ್ಯವನ್ನು ನುಡಿಸುತ್ತಿದ್ದವರು ಡಾಕ್ಟರ್ ಸ್ಯಾಮ್ಯುಯೆಲ್ ಹಾಫ್‌ಮನ್. ಇವರು ನಿಜವಾದ ಡಾಕ್ಟರೇ. ಹಗಲು ಜನರ ಪಾದಗಳ ರೋಗಕ್ಕೆ ಚಿಕಿತ್ಸೆ, ಬಿಡುವಿನಲ್ಲಿ ಥೆರಮಿನ್. 1945ರಲ್ಲಿ ಬಂದ ಹಿಚ್‌ಕಾಕ್ ಅವರ ‘ಸ್ಪೆಲ್‌ಬೌಂಡ್’ ಚಿತ್ರದಲ್ಲಿ ನಾಯಕನ ಚಿತ್ತಭ್ರಮೆಗೆ ಇವರ ಥೆರಮಿನ್ನೇ ಧ್ವನಿ. ಅದೇ ವರ್ಷದ ‘ದಿ ಲಾಸ್ಟ್ ವೀಕೆಂಡ್’ ಚಿತ್ರದಲ್ಲಿ ಕುಡುಕನೊಬ್ಬನ ವಿಭ್ರಾಂತಿಗೂ ಅದೇ ವಾದ್ಯ. ಎಂದರೆ, ಆ ನಾದವು ಕೇಳಿಸಿತೆಂದರೆ ಪರದೆಯ ಮೇಲೆ ಯಾರಿಗೋ ಬುದ್ಧಿ ಕೆಟ್ಟಿದೆಯೆಂದು ಪ್ರೇಕ್ಷಕರಿಗೆ ಗೊತ್ತಾಗುತ್ತಿತ್ತು. ರೆವೆಲ್ ಮತ್ತು ಬ್ಯಾಕ್ಸ್‌ಟರ್ ಮಾಡಿದ ದೊಡ್ಡ ಕೆಲಸವೆಂದರೆ, ಹೀಗೆ ಭೀತಿಯ ಗುರುತಾಗಿಬಿಟ್ಟಿದ್ದ ನಾದವನ್ನು ತೆಗೆದುಕೊಂಡು ಅದಕ್ಕೆ ಜೋಗುಳದ ನಡೆಯನ್ನು ಕೊಟ್ಟದ್ದು. ಈ ಜೋಡಿಯ ಮುಂದಿನ ತಟ್ಟೆಗಳಲ್ಲಿ ಒಂದು ಸುಗಂಧದ್ರವ್ಯಗಳನ್ನು ಕುರಿತದ್ದು. ಅದಕ್ಕೆ ಈ ಹೊಳಪಿಲ್ಲ. ರೆವೆಲ್ 1958ರಲ್ಲಿ ತೀರಿಕೊಂಡರು, ಹಾಫ್‌ಮನ್ 1967ರಲ್ಲಿ. ತಮ್ಮ ಸಂಗೀತವು ಚಂದ್ರನ ದಾರಿಯಲ್ಲಿ ನುಡಿದ ಸುದ್ದಿಯನ್ನು ಕೇಳುವ ಭಾಗ್ಯ ಆ ಇಬ್ಬರಿಗೂ ಇರಲಿಲ್ಲ.

ಇದೇ ಬ್ಯಾಕ್ಸ್‌ಟರ್ ರಚಿಸಿದ ‘ಕ್ವಯಟ್ ವಿಲೇಜ್’ ಎಂಬ ಕೃತಿಯಿಂದ ಇನ್ನೊಂದು ಕವಲು ಒಡೆಯಿತು. ಹೊನೊಲುಲುವಿನ ಹೋಟೆಲೊಂದರಲ್ಲಿ ಪಿಯಾನೊ ನುಡಿಸುತ್ತಿದ್ದ ಮಾರ್ಟಿನ್ ಡೆನ್ನಿ ಅವರ ಮೇಳದ ಪಕ್ಕದಲ್ಲಿ ಒಂದು ಕೊಳವಿತ್ತು. ಮೇಳವು ಆರಂಭವಾದರೆ ಅದರಲ್ಲಿದ್ದ ಕಪ್ಪೆಗಳೂ ವಟಗುಟ್ಟುತ್ತಿದ್ದವು, ನಿಲ್ಲಿಸಿದರೆ ಸುಮ್ಮನಾಗುತ್ತಿದ್ದವು. ವಾದಕರು ತಮಾಷೆಗೆಂದು ಹಕ್ಕಿಗಳ ಕೂಗನ್ನು ಸೇರಿಸಿದರು. ಮರುದಿನ ಕೇಳುಗರು ಬಂದು ಆ ಹಕ್ಕಿ-ಕಪ್ಪೆಗಳ ಹಾಡೇ ಬೇಕೆಂದರಂತೆ. ಹೀಗೆ ಹುಟ್ಟಿದ ‘ಎಗ್ಸಾಟಿಕ’ 1957ರಲ್ಲಿ ಹೊರಬಂದು 1959ರಲ್ಲಿ ಅಮೆರಿಕೆಯ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಕೇಳಲು ಹಿತವಾಗಿದೆ, ಆದರೆ ಅದರ ಕಾಡು ಎಲ್ಲಿಯೂ ಇಲ್ಲದ ಕಾಡು, ಅದರ ಪೂರ್ವದೇಶವು ಯಾವ ಪೂರ್ವದವನೂ ಗುರುತಿಸಲಾರದ ದೇಶ. ಡೆನ್ನಿಯವರ ಮೇಳದಿಂದ ಹೊರಬಂದ ಆರ್ಥರ್ ಲೈಮನ್ ಅವರ ‘ಟಬೂ’ (1958) ನನಗೆ ಹೆಚ್ಚು ಮೆಚ್ಚಿಗೆ. ಅಲ್ಯೂಮಿನಿಯಮ್ ಗುಮ್ಮಟವೊಂದರ ಕೆಳಗೆ ಮುದ್ರಿಸಿದ ಆ ತಟ್ಟೆಯಲ್ಲಿ ವೈಬ್ರಫೋನಿನ ನಾದವು ಗಂಟೆಯ ಅನುರಣನದಂತೆ ಬಹಳ ಹೊತ್ತು ನಿಲ್ಲುತ್ತದೆ.

ಇನ್ನು ಸ್ಟೀರಿಯೊ. ಎರಡು ಧ್ವನಿಪೆಟ್ಟಿಗೆಗಳಿಗೆ ಹಣ ಸುರಿದ ಗೃಹಸ್ಥನಿಗೆ ಆ ಹಣ ವ್ಯರ್ಥವಾಗಲಿಲ್ಲವೆಂದು ತೋರಿಸಿಕೊಡುವ ತಟ್ಟೆ ಬೇಕಾಗಿತ್ತು. ಅದನ್ನು ಚೆನ್ನಾಗಿ ಅರಿತವರು ಈನಕ್ ಲೈಟ್. ಪಿಟೀಲುವಾದಕರಾಗಿ, ಮೇಳದ ನಾಯಕರಾಗಿ ಅನುಭವ ಪಡೆದ ಇವರು 1959ರಲ್ಲಿ ಕಮಾಂಡ್ ಎಂಬ ಸಂಸ್ಥೆಯಿಂದ ‘ಪರ್ಸ್ವೇಸಿವ್ ಪರ್ಕಶನ್’ ಎಂಬ ತಟ್ಟೆಯನ್ನು ಹೊರತಂದರು. ಹಾಡುಗಳು ಎಲ್ಲರಿಗೂ ತಿಳಿದ ಹಳೆಯವೇ. ಹೊಸದೆಂದರೆ, ಬಾಂಗೊದ ಪೆಟ್ಟು ಎಡಗಡೆ ಬಿದ್ದು ಬಲಗಡೆ ಏಳುವುದು. ಒಂದು ಮೂಲೆ ಕೇಳಿದ ಪ್ರಶ್ನೆಗೆ ಇನ್ನೊಂದು ಮೂಲೆ ಉತ್ತರ ಕೊಡುವುದು. ಜನ ಮುಗಿಬಿದ್ದು ಕೊಂಡರು. 1960ರಲ್ಲಿ ಅದು 13 ವಾರ ಮೊದಲ ಸ್ಥಾನದಲ್ಲಿತ್ತು. ಟೇಬಲ್ ಟೆನಿಸ್ಸಿನ ಚೆಂಡಿನಂತೆ ಅತ್ತಿಂದಿತ್ತ ಹಾರುತ್ತದೆಂದು ಇದಕ್ಕೆ ‘ಪಿಂಗ್‌ಪಾಂಗ್ ಸ್ಟೀರಿಯೊ’ ಎಂಬ ಅಡ್ಡಹೆಸರೂ ಬಿತ್ತು.

ಸಂಗೀತವೆಂದು ನೋಡಿದರೆ ಇದರಲ್ಲಿ ಸತ್ತ್ವ ಕಡಮೆಯೆಂದೇ ನಾನು ಹೇಳುತ್ತೇನೆ. ಎರಡು ಹಾಡುಗಳಾದ ಮೇಲೆ ಚೆಂಡಾಟವನ್ನು ನೋಡಿ ಕತ್ತು ನೋಯುತ್ತದೆ. ಆದರೆ ಧ್ವನಿಮುದ್ರಣದ ಶುಚಿ ಇಂದಿಗೂ ಬೆರಗು ಹುಟ್ಟಿಸುವಂಥದ್ದು. ತಟ್ಟೆಯ ಹೊದಿಕೆಯಂತೂ ಗೋಡೆಗೆ ತೂಗುಹಾಕಬಹುದಾದದ್ದು. ಬಿಳಿಯ ಬಯಲಿನಲ್ಲಿ ಸಾಲಾಗಿ ಜೋಡಿಸಿದ ಕಪ್ಪು ಚುಕ್ಕೆಗಳು. ಅವುಗಳಲ್ಲಿ ಕೆಲವೇ ಕೆಲವು ಸಾಲು ತಪ್ಪಿ ಹಾರಿವೆ. ಅದನ್ನು ಬರೆದವರು ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದು, ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟು ಬಂದ ಯೋಸೆಫ್ ಆಲ್ಬರ್ಸ್. ಮುಂದೆ 1961ರಲ್ಲಿ ಲೈಟ್ ಅವರು ಟೇಪಿನ ಬದಲು ಸಿನಿಮಾದ 35 ಮಿಲಿಮೀಟರ್ ಅಗಲದ ಕಾಂತೀಯ ಫಿಲ್ಮಿನ ಮೇಲೆ ಧ್ವನಿ ಮುದ್ರಿಸಿ ಇನ್ನೊಂದು ಹೆಜ್ಜೆ ಮುಂದೆ ಹೋದರು.

ಯಂತ್ರದ ಈ ಚಮತ್ಕಾರವನ್ನು ಕಲೆಯಾಗಿಸಿದವರು ಮಾತ್ರ ಮೆಕ್ಸಿಕೊ ದೇಶದ ಹುವಾನ್ ಗಾರ್ಸಿಯಾ ಎಸ್ಕಿವೆಲ್. ಈ ಇಡೀ ಗುಂಪಿನಲ್ಲಿ ಒಬ್ಬರನ್ನೇ ಉಳಿಸಿಕೊಳ್ಳಬೇಕೆಂದರೆ ನಾನು ಇವರನ್ನು ಉಳಿಸಿಕೊಳ್ಳುತ್ತೇನೆ. 1918ರಲ್ಲಿ ತಾಂಪೀಕೊ ಎಂಬ ಊರಿನಲ್ಲಿ ಹುಟ್ಟಿದ ಎಸ್ಕಿವೆಲ್ ಹದಿಹರೆಯದಲ್ಲಿಯೇ ಮೆಕ್ಸಿಕೊ ನಗರದ ರೇಡಿಯೊ ನಿಲಯದಲ್ಲಿ ಸಂಗೀತದ ಕೆಲಸಕ್ಕೆ ಸೇರಿದವರು. 1950ರ ದಶಕದ ಕೊನೆಗೆ ಆರ್‌ಸಿಎ ವಿಕ್ಟರ್ ಕಂಪೆನಿಯು ಅವರನ್ನು ಅಮೆರಿಕೆಗೆ ಕರೆಸಿಕೊಂಡಿತು.

1958ರ ‘ಅದರ್ ವರ್ಲ್ಡ್ಸ್ ಅದರ್ ಸೌಂಡ್ಸ್’ ತಟ್ಟೆಯನ್ನು ಕೇಳಿದವರಿಗೆ ಅವರ ದಾರಿ ಕೂಡಲೇ ತಿಳಿಯುತ್ತದೆ. ಎಲ್ಲರ ಬಾಯಲ್ಲಿಯೂ ಇದ್ದ ಪ್ರೇಮಗೀತೆಯೊಂದನ್ನು ಎತ್ತಿಕೊಳ್ಳುತ್ತಾರೆ. ಪಿಯಾನೊ ಪಿಸುಮಾತಿನಂತೆ ಆರಂಭಿಸುತ್ತದೆ. ಮರುಕ್ಷಣವೇ ತುತ್ತೂರಿಗಳ ಸಿಡಿಲು. ಆ ಸಿಡಿಲು ಮುಗಿಯುವ ಮೊದಲೇ ಸ್ಟೀಲ್ ಗಿಟಾರು ಜಾರಿಕೊಂಡು ಎತ್ತಲೋ ಹೋಗಿರುತ್ತದೆ. ಹಾಡುಗಾರರಿದ್ದಾರೆ, ಆದರೆ ಸಾಹಿತ್ಯದ ಬದಲು ‘ಝೂ ಝೂ ಝೂ’ ಎನ್ನುತ್ತಾರೆ. ಮೊದಲು ನಗು ಬರುತ್ತದೆ. ಮೂರನೆಯ ಸಲ ಕೇಳುವಾಗ ಒಂದೊಂದು ‘ಝೂ’ ಕೂಡ ಎಷ್ಟು ಲೆಕ್ಕ ಹಾಕಿ ಇಟ್ಟದ್ದೆಂಬುದು ಅರಿವಾಗುತ್ತದೆ. ನಮ್ಮಲ್ಲಿ ಒಳ್ಳೆಯ ತನಿ ಆವರ್ತನವನ್ನು ಕೇಳುವಾಗ, ಎಲ್ಲಿಯೋ ದಾರಿ ತಪ್ಪಿತೆಂದು ಕಂಡ ಲಯವು ಸಮಕ್ಕೆ ಬಂದು ಕೂಡಿದಾಗ ಆಗುವ ಸಂತೋಷವುಂಟಲ್ಲ, ಅದರ ದೂರದ ಸಂಬಂಧಿ ಇದು. 1959ರ ‘ಎಕ್ಸ್‌ಪ್ಲೋರಿಂಗ್ ನ್ಯೂ ಸೌಂಡ್ಸ್’ ಮತ್ತು 1960ರ ‘ಇನ್‌ಫಿನಿಟಿ ಇನ್ ಸೌಂಡ್’ ಇವೆರಡೂ ಇದೇ ದಾರಿಯವು.

1962ರ ‘ಲ್ಯಾಟಿನ್-ಎಸ್ಕ್’ ತಟ್ಟೆಗಾಗಿ ಅವರು ಮಾಡಿದ ಸಾಹಸವನ್ನು ಹೇಳದಿರಲಾಗದು. ಎಡದ ನಾದವು ಬಲಕ್ಕೆ, ಬಲದ್ದು ಎಡಕ್ಕೆ ಒಂದಿಷ್ಟೂ ಸೋರಬಾರದೆಂದು ವಾದ್ಯವೃಂದವನ್ನೇ ಎರಡಾಗಿ ಒಡೆದು, ಒಂದು ಪಾಲನ್ನು ಒಂದು ಸ್ಟುಡಿಯೊದಲ್ಲಿಯೂ ಇನ್ನೊಂದು ಪಾಲನ್ನು ದೂರದ ಮತ್ತೊಂದು ಸ್ಟುಡಿಯೊದಲ್ಲಿಯೂ ಕೂರಿಸಿದರು. ಕಿವಿಗೆ ಹಾಕಿಕೊಂಡ ಹೆಡ್‌ಫೋನೇ ಅವರ ನಡುವಿನ ಸೇತುವೆ. ಒಬ್ಬರ ಮುಖವನ್ನೊಬ್ಬರು ಕಾಣದೆ ಒಂದೇ ಹೊತ್ತಿಗೆ ಒಂದೇ ಹಾಡನ್ನು ನುಡಿಸಿದರು. ತಟ್ಟೆಯನ್ನು ಕೇಳುವವನಿಗೆ ಇದೊಂದೂ ತಿಳಿಯದು. ನಾದಗಳು ತನ್ನ ತಲೆಯೊಳಗೇ ನಡೆದಾಡುತ್ತಿವೆಯೆಂದು ಮಾತ್ರ ತೋರುತ್ತದೆ.

ಇದೇ ಹೊತ್ತಿಗೆ ಅಟ್ಲಾಂಟಿಕ್ ಸಾಗರದ ಆಚೆಗೆ, ಲಂಡನ್ ನಗರದಲ್ಲಿ, ಚರ್ಮದ ಸಾಮಾನಿನ ಅಂಗಡಿಯೊಂದರ ಮೇಲಿನ ಮನೆಯಲ್ಲಿ ಜೋ ಮೀಕ್ ಎಂಬ ತರುಣರು ಸ್ವಂತ ಧ್ವನಿಮುದ್ರಣಾಲಯವನ್ನು ಕಟ್ಟಿಕೊಂಡಿದ್ದರು. ಚಂದ್ರಲೋಕದ ಜೀವಿಗಳನ್ನು ಕಲ್ಪಿಸಿಕೊಂಡು ಅವರು ಮಾಡಿದ ‘ಐ ಹಿಯರ್ ಎ ನ್ಯೂ ವರ್ಲ್ಡ್’ 1960ರಲ್ಲಿ ಭಾಗಶಃ ಮಾತ್ರ ಬಿಡುಗಡೆಯಾಯಿತು. ಪೂರ್ತಿಯಾಗಿ ಹೊರಬರಲು 1991 ಆಗಬೇಕಾಯಿತು. 1962ರ ಜುಲೈಯಲ್ಲಿ ಟೆಲ್‌ಸ್ಟಾರ್ ಎಂಬ ಸಂಪರ್ಕ ಉಪಗ್ರಹವು ಮೇಲೇರಿದ ಕೆಲವೇ ವಾರಗಳಲ್ಲಿ ಅದರ ಹೆಸರನ್ನೇ ಹೊತ್ತ ಮೀಕ್ ಅವರ ಕೃತಿಯು ‘ಟಾರ್ನೆಡೋಸ್’ ಮೇಳದ ವಾದನದಲ್ಲಿ ಬಂದು, ಬ್ರಿಟನ್ನಿನಲ್ಲಿಯೂ ಅಮೆರಿಕೆಯಲ್ಲಿಯೂ ಮೊದಲ ಸ್ಥಾನವನ್ನು ಗಳಿಸಿತು. ಕೃತಿಚೌರ್ಯದ ವ್ಯಾಜ್ಯವೊಂದರಿಂದ ಅದರ ಹಣ ಮೀಕ್ ಅವರ ಕೈ ಸೇರಲಿಲ್ಲ. ಸಾಲ, ಮನೋವ್ಯಾಕುಲಗಳು ಬೆಳೆದು 1967ರಲ್ಲಿ ಅವರು ಮನೆಯೊಡತಿಯನ್ನು ಕೊಂದು ತಾವೂ ಗುಂಡು ಹಾರಿಸಿಕೊಂಡರು. ವ್ಯಾಜ್ಯವು ಅವರ ಪರವಾಗಿ ತೀರ್ಮಾನವಾದದ್ದು ಆಮೇಲೆ.

‘ಟೆಲ್‌ಸ್ಟಾರ್’ ಕೃತಿಯಲ್ಲಿ ಮುಖ್ಯ ರಾಗವನ್ನು ನುಡಿಯುವುದು ಕ್ಲಾವಿಯೋಲಿನ್ ಎಂಬ ಮನೆಗಳುಳ್ಳ ಪುಟ್ಟ ವಿದ್ಯುತ್‌ವಾದ್ಯ. ಈ ಹೆಸರು ನಮ್ಮಲ್ಲಿ ಅನೇಕರಿಗೆ ಹೊಸದು, ನಾದ ಹೊಸದಲ್ಲ. 1954ರ ‘ನಾಗಿನ್’ ಹಿಂದಿ ಚಿತ್ರದಲ್ಲಿ ಹಾವಾಡಿಗನ ಪುಂಗಿಯೆಂದು ದೇಶಕ್ಕೆ ದೇಶವೇ ತಲೆದೂಗಿದ ನಾದವನ್ನು ಹೇಮಂತಕುಮಾರರ ಸಂಗೀತ ನಿರ್ದೇಶನದಲ್ಲಿ ಕಲ್ಯಾಣ್‌ಜಿಯವರು ಹೊರಡಿಸಿದ್ದು ಇದೇ ಕ್ಲಾವಿಯೋಲಿನ್ನಿನಿಂದ. ಮದುವೆಯ ದಿಬ್ಬಣದ ಬ್ಯಾಂಡಿನವರು ಆ ರಾಗವನ್ನು ತೆಗೆದ ಕೂಡಲೇ ಹಾವಿನಂತೆ ಹೆಡೆಯಾಡಿಸುವ ಹುಡುಗರನ್ನು ಕಾಣದವರಾರು? ಒಂದೇ ವಾದ್ಯವು ಇಲ್ಲಿ ಹುತ್ತದೊಳಗಿನ ನಾಗವನ್ನು ಕರೆಯಿತು, ಅಲ್ಲಿ ಎಂಟು ವರ್ಷಗಳ ಮೇಲೆ ಉಪಗ್ರಹವನ್ನು ಹೊಗಳಿತು.

1966ರ ‘ದಿ ಇನ್ ಸೌಂಡ್ ಫ್ರಂ ವೇ ಔಟ್’ ಈ ಸಾಲಿನಲ್ಲಿ ತಡವಾಗಿ ಬಂದ ತುಂಟ ಮಗು. ಅದನ್ನು ಮಾಡಿದವರು ಫ್ರಾನ್ಸಿನ ಝಾನ್ ಝಾಕ್ ಪೆರ್ರೆ ಮತ್ತು ಜರ್ಮನಿಯಲ್ಲಿ ಹುಟ್ಟಿದ ಗರ್ಶನ್ ಕಿಂಗ್ಸ್‌ಲಿ. ಧ್ವನಿಯನ್ನು ಟೇಪಿನ ಮೇಲೆ ಹಿಡಿದು, ತುಣುಕು ತುಣುಕಾಗಿ ಕತ್ತರಿಸಿ, ಒಂದಕ್ಕೊಂದು ಅಂಟಿಸಿ ಲಯ ಕಟ್ಟಿದ್ದಾರೆ. ಇಂದು ಗಣಕಯಂತ್ರದಲ್ಲಿ ಕ್ಷಣಮಾತ್ರದಲ್ಲಿ ಆಗುವ ಕೆಲಸವನ್ನು ಅವರು ದಿನಗಟ್ಟಲೆ ಕೈಯಿಂದಲೇ ಮಾಡಿದರು. ಮಕ್ಕಳಿರುವ ಮನೆಗೆ ಇದೇ ಸರಿ.

ಮನುಷ್ಯನು ನಿಜವಾಗಿಯೂ ಚಂದ್ರನನ್ನು ಮುಟ್ಟುವ ಹೊತ್ತಿಗೆ ಈ ಸಂಗೀತವು ಮೂಲೆಗೆ ಬಿದ್ದಿತ್ತು. ತರುಣರು ರಾಕ್ ಸಂಗೀತಕ್ಕೆ ತಿರುಗಿದ್ದರು. ದೂರದರ್ಶನದಲ್ಲಿ ಎಲ್ಲರೂ ಕಂಡ ಚಂದ್ರನು ಬರಿಯ ಬೂದುಬಣ್ಣದ ಧೂಳಾಗಿದ್ದನು. ತಟ್ಟೆಗಳು ಹಳೆಯ ಸಾಮಾನಿನ ಅಂಗಡಿಗಳನ್ನು ಸೇರಿದವು. ಎಸ್ಕಿವೆಲ್ ಲಾಸ್ ವೇಗಸ್ಸಿನ ಹೋಟೆಲುಗಳಲ್ಲಿ ಹಲವು ವರ್ಷ ನುಡಿಸಿ, ಕೊನೆಗೆ ಮೆಕ್ಸಿಕೊಗೆ ಮರಳಿ, ಮಕ್ಕಳ ದೂರದರ್ಶನ ಕಾರ್ಯಕ್ರಮಕ್ಕೆ ಸಂಗೀತ ಕೊಟ್ಟರು. ಆಮೇಲೆ ಬಿದ್ದು ಪೆಟ್ಟಾಗಿ ಹಾಸಿಗೆ ಹಿಡಿದರು.

1994ರಲ್ಲಿ ಅವರ ಹಳೆಯ ಕೃತಿಗಳನ್ನು ಆರಿಸಿ ಸಣ್ಣ ಕಂಪೆನಿಯೊಂದು ಸಿಡಿಯಾಗಿ ಹೊರತಂದಿತು. ಅದಕ್ಕೆ ‘ಸ್ಪೇಸ್-ಏಜ್ ಬ್ಯಾಚೆಲರ್ ಪ್ಯಾಡ್ ಮ್ಯೂಸಿಕ್’, ಎಂದರೆ ‘ಅಂತರಿಕ್ಷಯುಗದ ಒಂಟಿ ತರುಣನ ಬಿಡಾರದ ಸಂಗೀತ’ ಎಂದು ಹೆಸರಿಟ್ಟರು. ತಾತಂದಿರ ತಟ್ಟೆಗಳನ್ನು ಮೊಮ್ಮಕ್ಕಳು ಹುಡುಕತೊಡಗಿದರು. ಮಂಚದ ಮೇಲಿಂದ ಏಳಲಾರದ ಮುದುಕರನ್ನು ಕಾಣಲು ಮೆಕ್ಸಿಕೊಗೆ ಪತ್ರಕರ್ತರು ಬಂದರು. 1960ರಲ್ಲಿ ಧ್ವನಿಮುದ್ರಿಸಿಯೂ ಕಂಪೆನಿಯು ಬಿಡುಗಡೆ ಮಾಡದೆ ಉಳಿಸಿದ್ದ ‘ಸೀ ಇಟ್ ಇನ್ ಸೌಂಡ್’ 1999ರಲ್ಲಿ ಬೆಳಕು ಕಂಡಿತು. 2002ರ ಜನವರಿ 3ರಂದು ಎಸ್ಕಿವೆಲ್ ತೀರಿಕೊಂಡರು. ಆಗ ಅವರಿಗೆ 83 ವರ್ಷ.

ಈ ಧ್ವನಿಮುದ್ರಿಕೆಗಳಲ್ಲಿ ಹೆಚ್ಚಿನವು ಈಗ ಅಂತರ್ಜಾಲದಲ್ಲಿ ದೊರೆಯುತ್ತವೆ. ಕೇಳಬಯಸುವವರಿಗೆ ಒಂದು ಮಾತು. ಎಸ್ಕಿವೆಲ್ ಅವರನ್ನೂ ಈನಕ್ ಲೈಟ್ ಅವರನ್ನೂ ಕೈಫೋನಿನ ಒಂದೇ ರಂಧ್ರದಿಂದ ಕೇಳಬೇಡಿರಿ. ಎರಡು ಸ್ಟುಡಿಯೊಗಳಲ್ಲಿ ಪಟ್ಟ ಪಾಡೆಲ್ಲ ಅಲ್ಲಿ ಕಲಸಿಹೋಗುತ್ತದೆ. ಎರಡೂ ಕಿವಿಗಳಿಗೆ ಹೆಡ್‌ಫೋನ್ ಹಾಕಿಕೊಳ್ಳಿರಿ, ಎಡಬಲಗಳು ಅದಲುಬದಲಾಗದಂತೆ ನೋಡಿಕೊಳ್ಳಿರಿ. ‘ಮ್ಯೂಸಿಕ್ ಔಟ್ ಆಫ್ ದಿ ಮೂನ್’ಗೆ ಈ ಕಟ್ಟುಪಾಡಿಲ್ಲ. ಅದು ಸ್ಟೀರಿಯೊ ಬರುವುದಕ್ಕೆ ಮುಂಚಿನದು. ಆರ್ಮ್‌ಸ್ಟ್ರಾಂಗ್ ಅವರು ಅದನ್ನು ಕೇಳಿದ್ದೂ ಒಂದು ಪುಟ್ಟ ಯಂತ್ರದಲ್ಲಿಯೇ. ರಾತ್ರಿ ದೀಪವಾರಿಸಿ, ಕಿಟಕಿಯೊಂದನ್ನು ತೆರೆದಿಟ್ಟರೆ ಸಾಕು.